ಬಿಸಿಲು ಇಳಿದರೂ ಹೂ ಉದುರುವುದೇಕೆ?

ಪ್ರಶ್ನೆ: ಪರಾಗವೇ ಗಿಡದ ವೀರ್ಯಾಣು, ಅದು ಬಿಸಿಲಿಗೆ ಸಾಯುತ್ತದೆ ಎನ್ನುತ್ತಾರೆ. ಮಳೆ ಬಿದ್ದು ತಂಪಾಗಿ ವಾರವಾಯಿತು. ನಮ್ಮ ಟೊಮೆಟೊ ಹೂಗಳು ಇನ್ನೂ ಕಾಯಿ ಕಚ್ಚದೆ ಉದುರುತ್ತಿರುವುದೇಕೆ?
(ಓದುಗರು, ಕೋಲಾರ)

ಉತ್ತರ: ಮೊದಲು ಒಂದು ತಿದ್ದುಪಡಿ. ಪರಾಗ ವೀರ್ಯಾಣುವಲ್ಲ, ಅದನ್ನು ಹೊತ್ತೊಯ್ಯುವ ಪೊಟ್ಟಣ. ಟೊಮೆಟೊದ ಎಳೆ ಮೊಗ್ಗಿನ ಪರಾಗಕೋಶದೊಳಗೆ 24 ವರ್ಣತಂತುಗಳ ತಾಯಿಕೋಶ ಮಿಯಾಸಿಸ್‌ನಿಂದ (ವರ್ಣತಂತುಗಳು ಅರ್ಧವಾಗುವ ಕೋಶ ವಿಭಜನೆ) ಒಡೆದು, ತಲಾ 12 ವರ್ಣತಂತುಗಳ ನಾಲ್ಕು ಕೋಶಗಳಾಗುತ್ತವೆ. ಪ್ರಾಣಿಗಳಲ್ಲಾದರೆ ಈ ನಾಲ್ಕೂ ಮುಂದೆ ಒಡೆಯದೆ, ಬಾಲ ಬೆಳೆಸಿಕೊಂಡು ವೀರ್ಯಾಣುಗಳಾಗುತ್ತವೆ. ಗಿಡದಲ್ಲಿ ಒಂದೊಂದೂ ಮತ್ತೆ ಎರಡಾಗಿ ಒಡೆಯಬೇಕು. ದೊಡ್ಡದು ನಳಿಕೆ ಬೆಳೆಸುವ ಕೋಶ, ಸಣ್ಣದು ಜನನ ಕೋಶ. ಟೊಮೆಟೊದಲ್ಲಿ ಈ ಜನನ ಕೋಶ ಎರಡು ಗಂಡು ಲಿಂಗಾಣುಗಳಾಗುವುದು, ಅಂದರೆ ಗಿಡದ ವೀರ್ಯಾಣುಗಳಾಗುವುದು, ಪರಾಗ ಶಲಾಕಾಗ್ರಕ್ಕೆ (ಹೂವಿನ ಹೆಣ್ಣು ಭಾಗದ ತುದಿ) ಬಿದ್ದು ನಳಿಕೆ ಚಾಚಿದ ಮೇಲೆಯೇ. ಭತ್ತ, ಜೋಳದಂಥ ಬೆಳೆಗಳಲ್ಲಾದರೆ ಅದು ಮೊದಲೇ ಮುಗಿದಿರುತ್ತದೆ.

ನಿಮ್ಮ ತೋಟದ ಪೆಟ್ಟು ಬಿದ್ದಿರುವುದು ಮಿಯಾಸಿಸ್ ಹಂತದಲ್ಲಿ. ಅದು ಹೂ ಅರಳುವುದಕ್ಕೆ ಒಂದು ವಾರದಿಂದ ಹತ್ತು ದಿನ ಮುಂಚೆ ನಡೆಯುತ್ತದೆ. ಆಗ ಹಗಲು 32–35 ಡಿಗ್ರಿ ದಾಟಿ, ರಾತ್ರಿಯೂ 22ರ ಕೆಳಗೆ ಇಳಿಯದಿದ್ದರೆ ಪರಾಗಕ್ಕೆ ಸಕ್ಕರೆ ಉಣಿಸುವ ಟಪೀಟಮ್ ಎಂಬ ಒಳಪದರ ಹೊತ್ತಿಗೆ ಮುಂಚೆಯೇ ಕುಸಿಯುತ್ತದೆ. ಪರಾಗ ಜೊಳ್ಳಾಗುತ್ತದೆ. ಇಂದು ಅರಳಿದ ಹೂ ಅಂದಿನ ಬಿಸಿಲಿನ ಮೊಗ್ಗು, ಹಾಗಾಗಿ ಇಂದಿನ ತಂಪು ಅದಕ್ಕೆ ಉಪಯೋಗವಿಲ್ಲ. ಉದುರುವ ಹೂವಿಗೆ ಔಷಧಿ ಸುರಿಯಬೇಡಿ. ಮುಂದಿನ ಗೊಂಚಲು ಕಾಯಿರಿ. ಅನುಮಾನವಿದ್ದರೆ ಹತ್ತಿರದ ಕಾಲೇಜಿನ ಪ್ರಯೋಗಾಲಯದಲ್ಲಿ ಪರಾಗವನ್ನು ಗಾಜಿನ ಪಟ್ಟಿಯ ಮೇಲೆ ಉದುರಿಸಿ, ಒಂದು ಹನಿ ಅಸಿಟೋಕಾರ್ಮಿನ್ ಎಂಬ ಕೆಂಪು ಬಣ್ಣದ ದ್ರಾವಣ ಹಾಕಿ, ಹತ್ತು ನಿಮಿಷ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ಗಟ್ಟಿ ಪರಾಗ ದುಂಡಗೆ ಕೆಂಪಾಗಿರುತ್ತದೆ, ಜೊಳ್ಳು ಬಿಳಿಚಿ ಸುಕ್ಕಾಗಿರುತ್ತದೆ.

ಪ್ರಶ್ನೆ: ಬೀಜದ ಹೋರಿಗೆ ಜ್ವರ ಬಂದು ವಾಸಿಯಾಗಿ ತಿಂಗಳಾಯಿತು. ಚೆನ್ನಾಗಿ ಮೇಯುತ್ತಿದೆ, ಹಾರುತ್ತಿದೆ. ಆದರೂ ಹಸುಗಳು ಗಬ್ಬ ನಿಲ್ಲುತ್ತಿಲ್ಲ.
(ಓದುಗರು, ಹಾಸನ)

ಉತ್ತರ: ಇಲ್ಲೂ ಹಳೆಯ ಬಿಸಿಯದೇ ಲೆಕ್ಕ, ಅವಧಿ ಮಾತ್ರ ದೊಡ್ಡದು. ಹೋರಿಯ ವೃಷಣದಲ್ಲಿ ಒಂದು ವೀರ್ಯಾಣು ತಯಾರಾಗಲು ಸುಮಾರು 61 ದಿನ ಬೇಕು. ಆಮೇಲೆ ಪಕ್ಕದ ಸುರುಳಿನಾಳದಲ್ಲಿ ಮಾಗಲು ಇನ್ನೂ ಹತ್ತು ದಿನದ ಹತ್ತಿರ. ವೃಷಣ ಮೈಗಿಂತ ಕೆಲವು ಡಿಗ್ರಿ ತಣ್ಣಗಿದ್ದರೆ ಮಾತ್ರ ಈ ಕೆಲಸ ಸಾಗುತ್ತದೆ. ಅದಕ್ಕೇ ಅದು ಹೊರಗೆ ಚೀಲದಲ್ಲಿ ತೂಗುವುದು. ಜ್ವರದಲ್ಲಿ ಬೆಂದ ಕೋಶಗಳು ವಾರಗಳ ನಂತರ ತಲೆ ಸೊಟ್ಟಗಾದ, ಈಜಲಾರದ ವೀರ್ಯಾಣುಗಳಾಗಿ ಹೊರಬರುತ್ತವೆ. ಹಾರುವ ಹುಮ್ಮಸ್ಸು ಇದ್ದ ಮಾತ್ರಕ್ಕೆ ವೀರ್ಯ ಚೆನ್ನಾಗಿದೆ ಎಂದಲ್ಲ. ಜ್ವರ ಬಿಟ್ಟ ದಿನದಿಂದ ಎರಡೂವರೆ ತಿಂಗಳು ಹೋರಿಗೆ ಬಿಡುವು ಕೊಡಿ. ಬಳಿಕ ಪಶುವೈದ್ಯರಿಂದ ವೀರ್ಯ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಹಸುಗಳನ್ನು ಬರಡೆಂದು ಮಾರಬೇಡಿ. ಬೆದೆಗೆ ಬಂದಾಗ ಕೃತಕ ಗರ್ಭಧಾರಣೆ ಮಾಡಿಸಿ.