ವಸಡಿನಿಂದ ರಕ್ತ, ಹಲ್ಲಿನ ಮೇಲೆ ಕಂದು ಕಲೆ: ಲೇಸರ್ ಕ್ಲೀನಿಂಗ್ ಮಾಡಿಸಬೇಕಾ?

ನೀವು ಯಾದಗಿರಿಯವರು. ಬ್ರಶ್ ಮಾಡುವಾಗ ವಸಡಿನಿಂದ ರಕ್ತ ಬರುತ್ತಿದೆ, ಹಲ್ಲಿನ ಮೇಲೆ ಚಿಕ್ಕಂದಿನಿಂದಲೂ ಕಂದು ಕಲೆ ಇದೆ. 'ಲೇಸರ್ ಕ್ಲೀನಿಂಗ್ ಮಾಡಿಸಿ, ಎರಡೂ ಹೋಗುತ್ತವೆ' ಎಂದು ಕ್ಲಿನಿಕ್‌ನಲ್ಲಿ ಹೇಳಿದ್ದಾರೆ. ರೇಟು ಜಾಸ್ತಿ, ಮಾಡಿಸಲಾ ಅಂತ ಕೇಳಿದ್ದೀರಿ. ನಾನು ಕಲಬುರಗಿಯಲ್ಲಿ ವಸಡಿನ ಡಾಕ್ಟರ್. ಮೊದಲು ಮಾಮೂಲಿ ಸ್ಕೇಲಿಂಗ್, ಅಂದರೆ ಯಂತ್ರದಿಂದ ಹಲ್ಲಿನ ಪಾಚಿ ತೆಗೆಸುವ ಕ್ಲೀನಿಂಗ್, ಮಾಡಿಸಿ.

ರಕ್ತ ಬರುವುದು ಹೆಚ್ಚಾಗಿ ವಸಡಿನ ಅಂಚಿನಲ್ಲಿ ಕೂತ ಪಾಚಿಯಿಂದ. ಗಟ್ಟಿಯಾದ ಮೇಲೆ ಅದು ಬ್ರಶ್ಶಿಗೆ ಬಗ್ಗುವುದಿಲ್ಲ. ಸ್ಕೇಲಿಂಗ್ ಯಂತ್ರದ ತುದಿ ಸೆಕೆಂಡಿಗೆ ಸುಮಾರು 30,000 ಸಲ ನಡುಗಿ ಅದನ್ನು ಒಡೆದು ಬಿಡಿಸುತ್ತದೆ. ಇದರಿಂದ ಹಲ್ಲು ಸಡಿಲವಾಗುತ್ತದೆ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಪಾಚಿ ಹೋದಾಗ ಅದು ಮುಚ್ಚಿದ್ದ ಸಂದಿ ಕಾಣುತ್ತದೆ, ಅಷ್ಟೇ.

ಕ್ಲಿನಿಕ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಡಯೋಡ್ ಲೇಸರ್. ಅದರ ಬೆಳಕನ್ನು ಹೀರಿಕೊಳ್ಳುವುದು ರಕ್ತದ ಹಿಮೋಗ್ಲೋಬಿನ್ ಮತ್ತು ವಸಡಿಗೆ ಕಪ್ಪು ಬಣ್ಣ ಕೊಡುವ ಮೆಲನಿನ್. ಹಾಗಾಗಿ ಬೆಳೆದ ವಸಡು ಕತ್ತರಿಸಲು, ರಕ್ತ ನಿಲ್ಲಿಸಲು ಅದು ತುಂಬಾ ಒಳ್ಳೆಯದು. ಆದರೆ ಗಟ್ಟಿ ಪಾಚಿಯನ್ನು ಅದು ತೆಗೆಯುವುದಿಲ್ಲ. ಎರ್ಬಿಯಂ ಎಂಬ ಇನ್ನೊಂದು ಬಗೆಯ ಲೇಸರ್ ತೆಗೆಯುತ್ತದೆ. ಯಂತ್ರ ದುಬಾರಿ, ಫಲ ಮಾತ್ರ ಹೆಚ್ಚುಕಡಿಮೆ ಸ್ಕೇಲಿಂಗ್‌ನಷ್ಟೇ.

ವಸಡು ಮತ್ತು ಹಲ್ಲಿನ ನಡುವಿನ ಸಂದಿ 3 ಮಿಲಿಮೀಟರ್‌ವರೆಗೆ ಇದ್ದರೆ ಸರಿ. ಅದಕ್ಕಿಂತ ಆಳ ಇದ್ದರೆ ಬೇರಿನವರೆಗೂ ಕ್ಲೀನ್ ಮಾಡಬೇಕು. ಅಮೆರಿಕದ ದಂತವೈದ್ಯರ ಸಂಘದ 2015ರ ಮಾರ್ಗಸೂಚಿಯಲ್ಲೂ ಇದೇ ಮೊದಲ ಚಿಕಿತ್ಸೆ. ಇದಾದ ಮೇಲೆ ಬೇಕಿದ್ದರೆ ಲೇಸರ್. ಹಾಗಾಗಿ ಡಾಕ್ಟರನ್ನು ನೇರವಾಗಿ ಕೇಳಿ: ಸಂದಿ ಅಳೆದಿರಾ? ಯಾವ ಲೇಸರ್? ಯಾವ ಜಾಗಕ್ಕೆ? ಇದು ನಿಮ್ಮ ಹಕ್ಕು. ಲೇಸರ್ ಹಿಡಿಯುವಾಗ ನಿಮಗೂ ಡಾಕ್ಟರಿಗೂ ರಕ್ಷಣೆಯ ಕನ್ನಡಕ ಇರಲೇಬೇಕು.

ಇನ್ನು ಕಲೆ. ನಮ್ಮ ಯಾದಗಿರಿ, ಕಲಬುರಗಿ ಕಡೆ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಹಲ್ಲು ಒಳಗೊಳಗೇ ರೂಪ ಪಡೆಯುವ ವಯಸ್ಸಿನಲ್ಲಿ ಅಂಥ ನೀರು ಕುಡಿದರೆ ಕಲೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಒಳಗೇ ಕೂರುತ್ತದೆ. ಅದು ಸ್ಕೇಲಿಂಗ್‌ಗೂ ಹೋಗುವುದಿಲ್ಲ, ಲೇಸರ್ ಕ್ಲೀನಿಂಗ್‌ಗೂ ಹೋಗುವುದಿಲ್ಲ. ಇದಕ್ಕೆ ಬೇರೆ ಚಿಕಿತ್ಸೆ ಇದೆ, ಸುಮ್ನೆ ಲೇಸರ್ ಕ್ಲೀನಿಂಗ್‌ಗೆ ಹಣ ಹಾಕಬೇಡಿ. ಗುಟ್ಕಾ, ಎಲೆ ಅಡಿಕೆಯ ಕಲೆಯಾದರೆ ಸ್ಕೇಲಿಂಗ್‌ನಲ್ಲೇ ಹೋಗುತ್ತದೆ.

ಖರ್ಚಿನ ಚಿಂತೆ ಇದ್ದರೆ ಕಲಬುರಗಿಯ ಯಾವುದಾದರೂ ಡೆಂಟಲ್ ಕಾಲೇಜಿಗೆ ಬನ್ನಿ, ವಸಡಿನ ವಿಭಾಗ ಕೇಳಿ. ಬರುವ ಮುಂಚೆ ಒಮ್ಮೆ ಶುಗರ್ ಟೆಸ್ಟ್ ಮಾಡಿಸಿಕೊಳ್ಳಿ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಯಾವ ಯಂತ್ರ ಬಳಸಿದರೂ ವಸಡು ಬೇಗ ಮಾಯುವುದಿಲ್ಲ.