ಕೆಜಿಎಫ್‌ನಲ್ಲಿ ಇನ್ನೂ ಚಿನ್ನ ಇದೆ ಅಂತಾರಲ್ಲ, ಹಾಗಾದ್ರೆ ಸುರಂಗ ಕೊರೆದು ತೆಗೆಯೋಕೆ ಏನಡ್ಡಿ, ಅಷ್ಟೊಂದು ಖರ್ಚು ಎಲ್ಲಿ ಬರತ್ತೆ?

ನೀವು ಕೇಳಿರೋದು ಎರಡು ವಿಷಯ. ಕೆಳಗೆ ಚಿನ್ನ ಉಳಿದಿರೋದು ನಿಜಾನಾ, ನಿಜ ಆದ್ರೆ ಈಗಿನ ರೇಟಲ್ಲಿ ಯಾಕೆ ತೆಗೀತಿಲ್ಲ ಅಂತ. ಮೊದಲನೇದಕ್ಕೆ ಉತ್ತರ ಹೌದು, ಇದೆ. ಎರಡನೇದಕ್ಕೆ ಸ್ವಲ್ಪ ಉದ್ದ ಬರೀಬೇಕಾಗತ್ತೆ. ನಮ್ಮೂರು ಬಂಗಾರಪೇಟೆ ಹತ್ರ, ನಾನು ಮೈನಿಂಗ್ ಓದಿ ಬೇರೆ ರಾಜ್ಯದ ಒಂದು ಮೆಟಲ್ ಮೈನ್‌ನಲ್ಲಿ ಡೆವಲಪ್‌ಮೆಂಟ್ ಸೆಕ್ಷನ್ನಲ್ಲೇ ಕೆಲಸ ಮಾಡಿದೋನು, ಅಂದ್ರೆ ಸುರಂಗ ಮುಂದಕ್ಕೆ ಹೊಡೆಯೋ ಕೆಲಸ. ಅದಕ್ಕೇ ಈ ಪ್ರಶ್ನೆ ನೋಡಿ ಸುಮ್ನೆ ಹೋಗೋಕೆ ಆಗ್ಲಿಲ್ಲ.

ಹೆಚ್ಚಿನವರ ತಲೇಲಿ ಇರೋದು ಏನಂದ್ರೆ ಗಣಿ ಸುರಂಗ ಅಂದ್ರೆ ಚಿನ್ನದ ಒಳಗೇ ಕೊರ್ಕೊಂಡು ಹೋಗೋ ದಾರಿ, ಕೊರೆದಷ್ಟೂ ಲಾಭ. ಹಾಗಿಲ್ಲ. ಚಾಂಪಿಯನ್ ರೀಫ್, ಅಂದ್ರೆ ಅಲ್ಲಿ ಚಿನ್ನ ಇರೋ ಮುಖ್ಯ ಕಲ್ಲಿನ ಪಟ್ಟಿ, ಕಪ್ಪು ಬಂಡೆಯೊಳಗೆ ಓರೆಯಾಗಿ ನಿಲ್ಲಿಸಿದ ಹಲಗೆ ಥರ, ಉದ್ದ ಕಿಲೋಮೀಟರ್‌ಗಟ್ಲೆ, ಆಳ ಕಿಲೋಮೀಟರ್‌ಗಟ್ಲೆ, ಆದ್ರೆ ದಪ್ಪ ನೋಡಿದ್ರೆ ಬಹಳ ಕಡೆ ಮೂರ್ನಾಲ್ಕು ಅಡಿ ಅಷ್ಟೇ. ಅಲ್ಲಿಗೆ ಮುಟ್ಟೋಕೆ ಮೊದಲು ಶಾಫ್ಟ್ ಅಂದ್ರೆ ಬಾವಿ ಥರದ ದಾರಿ ಇಳಿಸ್ಬೇಕು, ಸುಮಾರು ನೂರು ಅಡಿಗೊಂದು ಲೆವೆಲ್ ಅಂದ್ರೆ ಮಹಡಿ ತೆಗೀಬೇಕು, ಶಾಫ್ಟಿಂದ ರೀಫ್‌ಗೆ ಅಡ್ಡ ಸುರಂಗ ಅಂದ್ರೆ ಕ್ರಾಸ್‌ಕಟ್ ಹೊಡೀಬೇಕು, ಆಮೇಲೆ ರೀಫ್ ಹಿಡ್ಕೊಂಡು ಡ್ರೈವ್ ಅನ್ನೋ ಸುರಂಗ, ಎರಡು ಲೆವೆಲ್ ಸೇರ್ಸೋಕೆ ಕೆಳಗಿಂದ ಮೇಲಕ್ಕೆ ರೈಸ್, ಮೇಲಿಂದ ಕೆಳಕ್ಕೆ ವಿಂಜ್, ಇಷ್ಟೆಲ್ಲ ಆದ್ಮೇಲೆ ಸ್ಟೋಪಿಂಗ್, ಅಂದ್ರೆ ನಿಜವಾಗ್ಲೂ ಅದಿರು ತೆಗೆಯೋದು. ಶಾಫ್ಟ್ ಮತ್ತೆ ಕ್ರಾಸ್‌ಕಟ್ಟಿಂದ ಬರೋದು ಬರೀ ಕಲ್ಲು, ಒಂದು ಗ್ರಾಂ ಚಿನ್ನ ಕೂಡ ಇಲ್ಲ.

ಒಂದು ಲೆಕ್ಕ ಹಾಕಿ ನೋಡಿ. ಎರಡು ಮೀಟರ್ ಅಗಲ ಎರಡು ಮೀಟರ್ ಎತ್ತರದ ಸಣ್ಣ ಸುರಂಗ ಅಂದ್ಕೊಳ್ಳಿ, ಒಂದೇ ಒಂದು ಮೀಟರ್ ಮುಂದಕ್ಕೆ ಹೋದ್ರೆ ನಾಲ್ಕು ಕ್ಯೂಬಿಕ್ ಮೀಟರ್, ಅಂದ್ರೆ ಹತ್ತಿರ ಹತ್ತಿರ 11 ಟನ್ ಕಲ್ಲು. ರೀಫ್ ಒಳಗೇ ಹೋಗ್ತಿದ್ರೂ ಅದ್ರಲ್ಲಿ ಅರ್ಧ ಮಾತ್ರ ಅದಿರು. ಶುರು ಶುರುನಲ್ಲಿ ಟನ್ನಿಗೆ 40 ಗ್ರಾಂ ದಾಟಿ ಚಿನ್ನ ಸಿಕ್ತಿದ್ದ ಗಣಿ ಅದು, ಕೊನೆಕೊನೆಗೆ ಮೂರ್ನಾಲ್ಕು ಗ್ರಾಂಗೆ ಇಳೀತು. ಅಂದ್ರೆ ಆ ಒಂದು ಮೀಟರ್‌ಗೆ ಇಪ್ಪತ್ತು ಗ್ರಾಂ ಆಸುಪಾಸು. ಅದಕ್ಕೆ ತೂತು ಹೊಡೆದು, ಮದ್ದು ತುಂಬಿ, ಬ್ಲಾಸ್ಟ್ ಮಾಡಿ, ಹೊಗೆ ಹೋಗೋವರ್ಗೂ ಕಾದು, ಮೇಲೆ ಸಡಿಲ ಆಗಿರೋ ಕಲ್ಲನ್ನ ಬಾರ್ ಹಾಕಿ ಕೆಡವಿ, ಮಕ್ ಅಂದ್ರೆ ಒಡೆದ ಕಲ್ಲು ತುಂಬಿ, ಸಪೋರ್ಟ್ ಕೊಟ್ಟು, ಹಳಿ ಗಾಳಿ ಪೈಪ್ ನೀರಿನ ಪೈಪ್ ಎಲ್ಲಾನೂ ಮತ್ತೆ ಮುಂದಕ್ಕೆ ಎಳೀಬೇಕು. ಕ್ರಾಸ್‌ಕಟ್ ಆದ್ರೆ ಇದೇ ಅಷ್ಟೂ ಕೆಲಸ, ಕೈಗೆ ಸೊನ್ನೆ.

ಈಗ ಇದೇ ಕೆಲಸಾನ 3 ಕಿಲೋಮೀಟರ್ ಕೆಳಗೆ ಮಾಡ್ಬೇಕು ಅಂದ್ರೆ ಏನಾಗತ್ತೆ? ಚಾಂಪಿಯನ್ ರೀಫ್ಸ್ ಗಣಿ 3,200 ಮೀಟರ್ ಹತ್ರ ಹೋಗಿತ್ತು, ಒಂದು ಕಾಲಕ್ಕೆ ಪ್ರಪಂಚದಲ್ಲೇ ತುಂಬಾ ಆಳದ ಗಣಿಗಳಲ್ಲಿ ಅದೂ ಒಂದು. ಅಷ್ಟು ಕೆಳಗೆ ಲಿಫ್ಟ್ ಥರದ ಒಂದೇ ಕೇಜ್‌ನಲ್ಲಿ ಹೋಗೋಕಾಗಲ್ಲ, ಒಂದು ಶಾಫ್ಟ್ ಇಳ್ದು ಒಳಗಡೆ ಇನ್ನೊಂದು ಶಾಫ್ಟಿಗೆ ನಡ್ದು ಮತ್ತೆ ಇಳೀಬೇಕು, ಶಿಫ್ಟಿನ ಟೈಮಲ್ಲಿ ಒಳ್ಳೆ ಪಾಲು ಬರೀ ಓಡಾಟಕ್ಕೇ ಹೋಗತ್ತೆ, ಸಂಬಳ ಮಾತ್ರ ಪೂರ್ತಿ ಶಿಫ್ಟಿಗೆ. ಕೆಳಗಿನ ಬಂಡೆ ಶಾಖ 60 ಡಿಗ್ರಿ ದಾಟಿತ್ತು. ಮೇಲಿಂದ ತಂಪು ಗಾಳಿ ತಳ್ಳಿದ್ರೆ ಸಾಕಲ್ವಾ ಅಂತ ಕೇಳ್ಬಹುದು, ಆದ್ರೆ ಗಾಳಿ ಕೆಳಗಿಳೀತಾ ಇಳೀತಾ ಮೇಲಿನ ಗಾಳಿಯ ಒತ್ತಡಕ್ಕೇ ಬಿಸಿಯಾಗತ್ತೆ, ಒಣ ಗಾಳಿ ಆದ್ರೆ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿ, ಅಂದ್ರೆ ಬಂಡೆ ಬಿಸಿ ತಾಗೋಕೆ ಮುಂಚೇನೇ ಮೂವತ್ತು ಡಿಗ್ರಿ ಏರಿರತ್ತೆ. ಹಾಗಾಗಿ ಕೂಲಿಂಗ್ ಪ್ಲಾಂಟ್ ಹಾಕಿ ಗಾಳೀನ ತಂಪು ಮಾಡಿ ಇಳಿಸ್ಬೇಕಾಗಿತ್ತು, ಅದೂ ಹಗಲು ರಾತ್ರಿ. ಗಣೀಲಿ ಅದಿರು ಬರ್ಲಿ ಬಿಡ್ಲಿ ಫ್ಯಾನು, ಕೂಲಿಂಗು, ಪಂಪು, ಕೇಜ್ ಎತ್ತಿ ಇಳಿಸೋ ವಿಂಡರ್ ನಾಲ್ಕೂ ಓಡ್ತಾನೇ ಇರ್ಬೇಕು. ಈ ಕರೆಂಟ್ ಹಸಿವು ಎಷ್ಟಿತ್ತು ಅಂದ್ರೆ 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿಂದ ಕರೆಂಟ್ ಮಾಡಿ 92 ಮೈಲಿ ಲೈನ್ ಎಳೆದಿದ್ದೇ ಈ ಗಣಿಗೋಸ್ಕರ, ಬೆಂಗಳೂರಿಗೆ ದೀಪ ಬಂದಿದ್ದು ಆಮೇಲೆ, 1905ರಲ್ಲಿ.

ಆದ್ರೆ ನನ್ ಪ್ರಕಾರ ಕೆಜಿಎಫ್ ಸುರಂಗಗಳ ದೊಡ್ಡ ಖರ್ಚು ರಾಕ್ ಬರ್ಸ್ಟ್. ಆಳ ಹೋದಷ್ಟೂ ಮೇಲಿನ ಬಂಡೆ ಭಾರ ಕೂತಿರತ್ತೆ, ನಡುವಿನ ರೀಫ್ ತೆಗೆದುಬಿಟ್ರೆ ಆ ಒತ್ತಡ ಉಳಿದ ಪಿಲ್ಲರ್ ಮೇಲೆ, ಸುರಂಗದ ಗೋಡೆ ಮೇಲೆ ಸೇರತ್ತೆ, ಆಮೇಲೆ ಯಾವ್ದೋ ಒಂದು ಗಳಿಗೇಲಿ ಬಂಡೆ ಬಾಂಬ್ ಥರ ಸಿಡೀತದೆ. ಮೇಲೆ ಊರಲ್ಲಿ ಮನೆ ಅದುರೋದು, ಗೋಡೆ ಬಿರುಕು ಬಿಡೋದು ಅಲ್ಲಿನವರಿಗೆ ಚೆನ್ನಾಗೇ ಗೊತ್ತು. ಮರದ ಸಪೋರ್ಟ್ ಇದಕ್ಕೆ ನಿಲ್ತಾ ಇರ್ಲಿಲ್ಲ. ಅದಕ್ಕೆ ಗಣಿಯವ್ರು ಮಾಡಿದ್ದು ಏನು ಗೊತ್ತಾ, ಮೇಲೆ ಕ್ವಾರಿಯಿಂದ ಗ್ರಾನೈಟ್ ಕಲ್ಲು ಕಡಿದು, ಚೌಕ ಮಾಡಿ, ಅದನ್ನ ಗಣಿ ಒಳಗೆ ಇಳಿಸಿ, ಖಾಲಿ ಮಾಡಿದ ಸ್ಟೋಪ್‌ನಲ್ಲಿ ಗಾರೆ ಇಲ್ದೆ ಗೋಡೆ ಕಟ್ಟಿದ್ರು. ಒಂದು ಕಡೆ ಕಲ್ಲು ಮೇಲಕ್ಕೆ ಎತ್ತು, ಇನ್ನೊಂದು ಕಡೆ ಕಲ್ಲು ಕೆಳಕ್ಕೆ ಇಳಿಸು. ಆಮೇಲೆ ಕಾಂಕ್ರೀಟ್ ತುಂಬೋದು ಬಂತು, ಅದ್ರಿಂದ ಬರ್ಸ್ಟ್ ಕಮ್ಮಿ ಆಯ್ತು, ಆದ್ರೆ ಸಿಮೆಂಟ್ ಖರ್ಚು ನೀವೇ ಯೋಚ್ನೆ ಮಾಡಿ. ಅಷ್ಟಾದ್ರೂ ಎಷ್ಟೋ ಸಲ ಬರ್ಸ್ಟ್ ಆದ ಜಾಗದಲ್ಲಿ ಹಳೇ ಸುರಂಗಾನೇ ಮತ್ತೆ ತೆರವು ಮಾಡ್ಬೇಕು, ಅಂದ್ರೆ ಒಂದೇ ಮೀಟರಿಗೆ ಎರಡು ಸಲ ದುಡ್ಡು.

ದುಡ್ಡಿನ ಲೆಕ್ಕದಲ್ಲಿ ಬರ್ದೇ ಇರೋ ಇನ್ನೊಂದು ಖರ್ಚನ್ನ ಬಿಟ್ಟು ಬರೆಯೋಕೆ ನಂಗಾಗಲ್ಲ. ರೀಫ್ ಅಂದ್ರೆ ಕ್ವಾರ್ಟ್ಜ್, ಅದನ್ನ ಡ್ರಿಲ್ ಮಾಡಿದ್ರೆ ಏಳೋ ಧೂಳು ಶ್ವಾಸಕೋಶದಲ್ಲಿ ಕೂತ್ರೆ ಸಿಲಿಕೋಸಿಸ್, ಅದು ವಾಸಿ ಆಗೋ ಕಾಯಿಲೆ ಅಲ್ಲ. ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ಬಡವರು, ಬಹಳ ಜನ ದಲಿತರು, ತಲೆಮಾರುಗಟ್ಲೆ ಆ ಧೂಳು ಕುಡಿದಿದಾರೆ. ಬರ್ಸ್ಟಲ್ಲಿ ಸತ್ತವರು ಬೇರೆ. ಕೆಜಿಎಫ್ ಖರ್ಚು ಅಂತ ಯಾರಾದ್ರೂ ಮಾತಾಡಿದ್ರೆ ನಾನು ಇದನ್ನೇ ಮೊದ್ಲು ಲೆಕ್ಕ ಹಿಡಿಯೋದು.

ಇನ್ನು ಗಣಿ ಉಳಿಯೋ ಗುಟ್ಟು. ಭೂಗತ ಗಣಿ ಬದುಕೋದೇ ಮುಂದಿನ ಸುರಂಗದ ಮೇಲೆ. ಇವತ್ತು ಅದಿರು ತೆಗೀತಿರೋವಾಗ್ಲೇ ನಾಲ್ಕೈದು ವರ್ಷ ಆಮೇಲೆ ತೆಗೆಯೋ ಜಾಗಕ್ಕೆ ದಾರಿ ಹೊಡೀತಾ ಇರ್ಬೇಕು, ಅಲ್ಲಿ ಏನಿದೆ ಅಂತ ಪೂರ್ತಿ ಗೊತ್ತಿಲ್ದೇನೇ. 1880ರ ದಶಕದಲ್ಲಿ ಇಲ್ಲಿ ಗಣಿ ತೆಗೀತಿದ್ದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ದುಡ್ಡೆಲ್ಲ ಮುಗಿದು ಮುಚ್ಚೋ ಸ್ಥಿತಿಗೆ ಬಂದಿತ್ತು, ಉಳಿದಿದ್ದ ಚೂರುಪಾರಲ್ಲಿ ಪ್ರಾಚೀನ ಕಾಲದವರು ಅಗೆದಿದ್ದ ಗುಂಡಿಗಳ ಕೆಳಗೆ ಇನ್ನೂ ಆಳಕ್ಕೆ ಹೋದ್ರು, ಚಾಂಪಿಯನ್ ರೀಫ್ ಸಿಕ್ಕಿದ್ದು ಹಂಗೆ. ಆದ್ರೆ ಇಂಥ ಧೈರ್ಯಕ್ಕೆ ಒಳ್ಳೆ ಗ್ರೇಡ್, ಅಂದ್ರೆ ಟನ್ನಿಗೆ ಜಾಸ್ತಿ ಗ್ರಾಂ ಚಿನ್ನ, ಇರ್ಬೇಕು ಇಲ್ಲಾ ಬೆಲೆ ಇರ್ಬೇಕು. 1934ರಿಂದ 1971ರವರೆಗೆ ಅಂತರರಾಷ್ಟ್ರೀಯ ಅಧಿಕೃತ ಬೆಲೆ ಔನ್ಸಿಗೆ 35 ಡಾಲರ್, ಕದಲ್ಲಿಲ್ಲ. ಅಷ್ಟು ವರ್ಷದಲ್ಲಿ ಗಣಿ ಆಳ ಆಯ್ತು, ಗ್ರೇಡ್ ಇಳೀತು, ಖರ್ಚು ಏರ್ತಾನೇ ಹೋಯ್ತು. ದುಡ್ಡು ಕಮ್ಮಿ ಆದಾಗ ಯಾವ ಗಣೀಲೇ ಆಗ್ಲಿ ಮೊದಲು ಕತ್ತರಿ ಬೀಳೋದು ಡೆವಲಪ್‌ಮೆಂಟಿಗೆ, ಯಾಕಂದ್ರೆ ಅದನ್ನ ನಿಲ್ಸಿದ್ರೆ ಈ ವರ್ಷ ಯಾರಿಗೂ ಗೊತ್ತಾಗಲ್ಲ. ಐದು ವರ್ಷ ಆದ್ಮೇಲೆ ತೆಗೆಯೋಕೆ ಜಾಗಾನೇ ಇರಲ್ಲ. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್, ಹೀಗೆ ಕೈ ಬದಲಾಗಿ 2001ರ ಫೆಬ್ರವರಿ 28ಕ್ಕೆ ಮುಚ್ತು. 120 ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ಮೇಲೆ.

ಈಗ ತೆರೆಯೋದು ಅಂದ್ರೆ ಎಲ್ಲಿಂದ ಶುರು? ಪಂಪ್ ನಿಂತ್ಮೇಲೆ ಸುರಂಗಗಳಲ್ಲಿ ನೀರು ತುಂಬಿದೆ. ಒಂದು ಸಾವಿರ ಲೀಟರ್ ನೀರನ್ನ ಮೂರು ಕಿಲೋಮೀಟರ್ ಮೇಲೆತ್ತೋಕೆ ಪಂಪಿನ ನಷ್ಟ ಸೇರಿಸ್ದೇನೇ 8 ಯೂನಿಟ್ ಕರೆಂಟ್ ಬೇಕು. ಅದಾದ್ಮೇಲೆ ಕೊಳೆತ ಮರ, ತುಕ್ಕು ಹಿಡಿದ ಹಳಿ, ಸಡಿಲ ಆದ ಗೋಡೆ, ಎಲ್ಲಾ ಸರಿ ಮಾಡ್ಕೊಂಡು ಇಳಿದ್ರೆ ಆಮೇಲೆ ಹೊಸ ಸುರಂಗದ ಮೊದಲನೇ ಮೀಟರ್. ರಾಯಚೂರು ಜಿಲ್ಲೆಯ ಹಟ್ಟಿ ಗಣೀಲಿ ಇವತ್ತಿಗೂ ಚಿನ್ನ ತೆಗೀತಿದಾರೆ ಅಂದ್ರೆ ಅದಕ್ಕೆ ಒಂದು ದೊಡ್ಡ ಕಾರಣ ಅವ್ರು ಇನ್ನೂ ಕೆಜಿಎಫ್‌ನಷ್ಟು ಆಳ ಹೋಗಿಲ್ಲ ಅನ್ನೋದು.

ಇತ್ತೀಚೆಗೆ ಕೆಜಿಎಫ್ ಮತ್ತೆ ಶುರು ಅಂತ ಬರೋ ಸುದ್ದಿ ನೋಡಿ ನೀವು ಕೇಳಿರ್ಬಹುದು. ಅದು ಸುರಂಗದ್ದಲ್ಲ, ಮೇಲೆ ಇರೋ 13 ಸೈನೈಡ್ ದಿಬ್ಬಗಳದ್ದು, ಅಂದ್ರೆ ಹಿಂದೆ ಚಿನ್ನ ತೆಗೆದ್ಮೇಲೆ ಉಳಿದ ಕಲ್ಲು ಪುಡಿಯ ರಾಶಿಗಳದ್ದು, 2024ರಲ್ಲಿ ರಾಜ್ಯ ಸಂಪುಟ ಒಪ್ಪಿದ್ದು ಅದಕ್ಕೇ. ಅಲ್ಲಿ ಸುಮಾರು 3.3 ಕೋಟಿ ಟನ್ ಪುಡಿ ಇದೆ, ಟನ್ನಿಗೆ ಒಂದು ಗ್ರಾಂ ಚಿನ್ನಾನೂ ಇಲ್ಲ, ಆದ್ರೂ ಲೆಕ್ಕ ಗಿಟ್ಟಬಹುದು ಅಂತಾರೆ, ಯಾಕಂದ್ರೆ ಆ ಕಲ್ಲನ್ನ ಒಡೆದು ಮೇಲಕ್ಕೆ ಎತ್ತೋ ಖರ್ಚನ್ನ ನೂರು ವರ್ಷದ ಹಿಂದಿನವರು ಕಟ್ಟಿ ಆಗಿದೆ.