ಅಂಗೋಲ ಅಂದ್ರೆ ಬರೀ 116–48 ಅಲ್ಲ ಮಾರಾಯ್ರೆ

ಪ್ರಶ್ನೆ: ಮೊನ್ನೆ ನನ್ನ ಮಗ ಮೊಬೈಲಲ್ಲಿ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ಬಾಸ್ಕೆಟ್‌ಬಾಲ್ ನೋಡಿ ಬಿದ್ದು ಬಿದ್ದು ನಗಾಡ್ತಿದ್ದ, ಅಮೆರಿಕದವರು ಅಂಗೋಲದವರನ್ನು ಚಚ್ಚಿ ಹಾಕಿದ ಮ್ಯಾಚ್ ಅದು. ಆದ್ರೆ ಕಾಲೇಜಲ್ಲಿ ಆಡಿದ ನನ್ನ ತಮ್ಮ ಹೇಳುದು, ಆಫ್ರಿಕದಲ್ಲಿ ಅಂಗೋಲದವರೇ ರಾಜರು ಅಂತ. ಯಾರನ್ನು ನಂಬುದು?
– ಓದುಗರೊಬ್ಬರು, ಕದ್ರಿ, ಮಂಗಳೂರು

ಉತ್ತರ: ಇಬ್ಬರನ್ನೂ ನಂಬಿ. ಮಗ ನೋಡಿದ್ದು ಸುಳ್ಳಲ್ಲ, 116–48, ನಡುವೆ ಒಂದು ಹೊತ್ತಲ್ಲಿ ಅಮೆರಿಕ 46 ಪಾಯಿಂಟ್ ಮಾಡುವಷ್ಟರಲ್ಲಿ ಅಂಗೋಲಕ್ಕೆ ಸಿಕ್ಕಿದ್ದು ಬರೀ 1, ಆ ಒಂದಾದ್ರೂ ಹೇಗೆ ಬಂತು ಗೊತ್ತುಂಟಾ, ಚಾರ್ಲ್ಸ್ ಬಾರ್ಕ್ಲಿ ಎಂಬ ದೈತ್ಯ ಅಂಗೋಲದ ಸಪೂರ ಹುಡುಗ ಹೆರ್ಲಾಂಡರ್ ಕೊಯಿಂಬ್ರಾನ ಎದೆಗೆ ಮೊಣಕೈಯಲ್ಲಿ ಗುದ್ದಿದ, ಅದಕ್ಕೆ ಕೊಟ್ಟ ಫ್ರೀ ಥ್ರೋದಲ್ಲಿ! ಜೋರ್ಡನ್, ಮ್ಯಾಜಿಕ್ ಜಾನ್ಸನ್, ಬರ್ಡ್ ಎಲ್ಲ ಒಂದೇ ಟೀಮಲ್ಲಿದ್ರೆ ಎದುರಿನವರು ಎಂತ ಮಾಡುದು, ಫೈನಲಲ್ಲಿ ಕ್ರೊಯೇಷ್ಯಾವೂ 32 ಪಾಯಿಂಟಿಂದ ಸೋತಿದೆ.

ಮಗನಿಗೆ ಇನ್ನೊಂದು ಮ್ಯಾಚ್ ಹುಡುಕಿ ಕೊಡಿ. ಆ ಪೆಟ್ಟು ತಿಂದು ಐದೇ ದಿನಕ್ಕೆ ಇದೇ ಅಂಗೋಲ ಸ್ಪೇನನ್ನು ಅವರ ಊರಲ್ಲೇ, ಅವರ ಜನರ ಎದುರೇ, 83–63ಕ್ಕೆ ಮಲಗಿಸಿತು. ಸ್ಪೇನ್ ಕ್ವಾರ್ಟರ್ ಫೈನಲಿಗೇ ಹೋಗಲಿಲ್ಲ, ಅಲ್ಲಿಯವರು ಆ ಸೋಲಿಗೆ ‘ಅಂಗೊಲಾಸೊ’ ಅಂತ ಹೆಸರೇ ಇಟ್ಟಿದ್ದಾರೆ.

ಇನ್ನು ತಮ್ಮನ ಮಾತು. 1989ರಿಂದ 2013ರವರೆಗೆ ಆಫ್ರಿಕದ ಚಾಂಪಿಯನ್‌ಶಿಪ್ (ಆಫ್ರೋಬಾಸ್ಕೆಟ್ ಅಂತಾರೆ) 13 ಸಲ ಆಗಿದೆ, 11 ಸಲ ಕಪ್ ಅಂಗೋಲಕ್ಕೇ. 1997ರಲ್ಲಿ ಸೆನೆಗಲ್, 2011ರಲ್ಲಿ ಟ್ಯುನೀಷಿಯಾ, ಬೇರೆ ಯಾರಿಗೂ ಸಿಗಲೇ ಇಲ್ಲ. ಕಂಬಳದಲ್ಲಿ ಒಂದೇ ಮನೆಯ ಕೋಣಗಳು ವರ್ಷಗಟ್ಟಲೆ ಮೆಡಲ್ ಹೊಡೆದ ಹಾಗೆ. ಅದರಲ್ಲೂ ಅರ್ಧಕ್ಕರ್ಧ ಕಾಲ ದೇಶದೊಳಗೇ ಯುದ್ಧ, 1975ರಲ್ಲಿ ಪೋರ್ಚುಗೀಸರು ಬಿಟ್ಟುಹೋದಾಗ ಹೊತ್ತಿಕೊಂಡದ್ದು ಪೂರ್ತಿ ನಿಂತದ್ದು 2002ರಲ್ಲಿ. ಅಂಥದ್ರಲ್ಲೂ ರಾಜಧಾನಿ ಲುವಾಂಡದ ಎರಡು ಕ್ಲಬ್, ಮಿಲಿಟರಿಯವರ ಪ್ರಿಮೇರು ದೆ ಅಗೋಸ್ತು, ಎಣ್ಣೆ ಕಂಪೆನಿಯವರ ಪೆತ್ರೊ, ಒಂದಕ್ಕೊಂದು ಪೈಪೋಟಿಯಲ್ಲಿ ಆಡ್ತಾನೇ ಇದ್ದವು. (ಪೋರ್ಚುಗೀಸರು ನಮ್ಮ ಕಡೆಗೂ ಬಂದವರೇ ಅಲ್ವಾ, ನಾವು ಹೇಳುವ ಮೇಜು, ಚಾವಿ ಎಲ್ಲ ಅವರದ್ದೇ ಶಬ್ದ, ಅಂಗೋಲದ ಆಟಗಾರರಿಗೂ ಮೇಜು ಅಂದ್ರೆ ಅರ್ಥ ಆಗ್ಬಹುದು.)

ನನಗೆ ಇಷ್ಟ ಆಗುದು ಮಾತ್ರ ಅವರು ಸೋತ ಒಂದು ಮ್ಯಾಚ್, 2006ರ ವಿಶ್ವ ಚಾಂಪಿಯನ್‌ಶಿಪ್, ಜಪಾನಲ್ಲಿ, ಜರ್ಮನಿ ಎದುರು ಒಂದಲ್ಲ ಎರಡಲ್ಲ ಮೂರು ಓವರ್‌ಟೈಮ್, ಡರ್ಕ್ ನೊವಿಟ್ಸ್‌ಕಿ ಒಬ್ಬನೇ 47 ಪಾಯಿಂಟ್ ಹೊಡೆದ ಮೇಲೆ 108–103ಕ್ಕೆ ಬಚಾವಾದದ್ದು ಜರ್ಮನಿ.

2013ರ ನಂತರ ಇಳಿಜಾರು. 1992ರಿಂದ ಸತತ ಐದು ಒಲಿಂಪಿಕ್ಸ್ ಆಡಿದವರು 2008ರ ಮೇಲೆ ಆ ಕಡೆ ತಲೆ ಹಾಕಲಿಲ್ಲ, 2023ರ ವಿಶ್ವಕಪ್ಪಲ್ಲಂತೂ 2011ರಲ್ಲಷ್ಟೇ ಹುಟ್ಟಿದ ದೇಶ ದಕ್ಷಿಣ ಸುಡಾನ್ ಇವರನ್ನು 101–78ಕ್ಕೆ ಸೋಲಿಸಿ ಪ್ಯಾರಿಸ್ ಟಿಕೆಟ್ ಹೊಡ್ಕೊಂಡು ಹೋಯ್ತು. ಮತ್ತೆ ಎದ್ದದ್ದು 2025ರ ಆಗಸ್ಟಲ್ಲಿ, ಲುವಾಂಡದಲ್ಲೇ, ಫೈನಲಲ್ಲಿ ಮಾಲಿಯನ್ನು 70–43ಕ್ಕೆ ಕಟ್ಟಿಹಾಕಿ 12ನೇ ಕಪ್. ತಮ್ಮನಿಗೆ ಹೇಳಿ, ರಾಜರು ವಾಪಸ್ ಬಂದಿದ್ದಾರೆ ಅಂತ.

ಪ್ರಶ್ನೆ: ಆಫ್ರಿಕದ ಟೀಮ್ ಯಾವತ್ತಾದ್ರೂ ಅಮೆರಿಕವನ್ನು ಸೋಲಿಸಿದ್ದುಂಟಾ?
– ಕಾಲೇಜು ಹುಡುಗ, ಅಜ್ಜರಕಾಡು, ಉಡುಪಿ

ಉತ್ತರ: ಉಂಟು, 2021ರ ಜುಲೈ, ಲಾಸ್ ವೇಗಸ್, ನೈಜೀರಿಯಾ 90, ಅಮೆರಿಕ 87. ಆದ್ರೆ ಅದು ಪ್ರಾಕ್ಟೀಸ್ ಮ್ಯಾಚ್ ಮಾರಾಯ್ರೆ, ಆಮೇಲೆ ಟೋಕಿಯೊ ಒಲಿಂಪಿಕ್ಸಲ್ಲಿ ಅಮೆರಿಕಕ್ಕೆ ಚಿನ್ನ, ನೈಜೀರಿಯಾಕ್ಕೆ ಒಂದು ಗೆಲುವೂ ಇಲ್ಲ. ಇನ್ನೊಂದು ಸ್ವಲ್ಪದರಲ್ಲಿ ತಪ್ಪಿತು, 2024ರಲ್ಲಿ ಲಂಡನಲ್ಲಿ ದಕ್ಷಿಣ ಸುಡಾನ್ ಹಾಫ್ ಟೈಮಿಗೆ ಮುಂದೆ ಇತ್ತು, ಕೊನೆಗೆ ಎಂಟು ಸೆಕೆಂಡ್ ಇರುವಾಗಲೂ ಒಂದು ಪಾಯಿಂಟ್ ಮುಂದೆ, ಅಷ್ಟರಲ್ಲಿ ಅಮೆರಿಕದ ಲೆಬ್ರಾನ್ ಜೇಮ್ಸ್ ಒಳನುಗ್ಗಿ ಬಾಲ್ ಹಾಕಿಬಿಟ್ಟ, 101–100.